ಬಾಬು ಕಾಕಾ ಕಿಲ್ಟ್ ಉಟ್ಟದ್ದು

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಅದೂ ಮರಾಠಿ ಶಾಲೆ. ಕನ್ನಡ ಬರೆಯಲು ಕಲಿಸಿದ್ದು ನಮ್ಮ ಕನ್ನಡ ಸಂಘದ ಕುಸುಮಕ್ಕ. ಸಂಘದ ಸಂಚಿಕೆಗೆ ನಿನಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಬರೆ ಎಂದು ಅವರು ಹೇಳಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಶಬ್ದಗಳು ಕಡಿಮೆ ಬಿದ್ದಲ್ಲಿ ಓದುವವರು ಸಂಭಾಳಿಸಿಕೊಳ್ಳಬೇಕು.

ನನಗೆ ಚೆನ್ನಾಗಿ ಗೊತ್ತಿರುವವರು ನನ್ನ ಬಾಬು ಕಾಕಾ, ನನ್ನ ತಂದೆಯ ತಮ್ಮ. ಈ ಮರಾಠಿ ಊರಿನ ಸ್ವಾರಗೇಟ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಕಾಕಾ ಮತ್ತು ಅವರ ಹೆಂಡತಿ ಕಾಶವ್ವ ಕಾಕುವಿನ ಮನೆಯಲ್ಲಿ ನಾನು ಸಣ್ಣವಳಿದ್ದಾಗಿನಿಂದ ಇದ್ದೇನೆ. ನಾನು ಒಂದು ಅಂಗಡಿಯಲ್ಲಿ ಸೀರೆಗಳಿಗೆ ಫಾಲ್ ಹಚ್ಚುತ್ತೇನೆ. ಕಾಕಾ ವಾಕಡದ ಒಂದು ಸೊಸೈಟಿಯಲ್ಲಿ ವಾಚ್‌ಮನ್. ಬೈಲಹೊಂಗಲದ ಕಡೆಯಿಂದ ಬಂದವರು. ಹುಡುಗರಿದ್ದಾಗ ಬೆಳಗಾವಿಗೆ ಸೈನ್ಯದ ಭರತಿಗೆ ಹೋಗಿದ್ದರಂತೆ. ಎದೆ ಅಳೆದು, ಸಾಲದು ಎಂದು ವಾಪಸ್ ಕಳಿಸಿದರಂತೆ. ಅದೇ ಎದೆಯಲ್ಲಿ ಅವರು, ಚೀಲಕ್ಕೆ ಗಾಳಿ ತುಂಬಿ ನುಡಿಸುವ ಬ್ಯಾಗ್‌ಪೈಪ್ ಊದುವುದನ್ನು ಕಲಿತರು.

ಕಲಿಸಿದವರು ಏಕನಾಥ ಮಾಸ್ತರ. ಪಲ್ಟಣದಲ್ಲಿ ಬ್ಯಾಗ್‌ಪೈಪ್ ಊದಿ ನಿವೃತ್ತರಾದ ಸೈನ್ಯದ ಹವಾಲದಾರ. ಶಿವಾಜಿನಗರದ ಸ್ಟೇಶನ್ ಹತ್ತಿರ ಸಾಲುಮನೆಗಳ ಒಂದು ಚಾಳಿನಲ್ಲಿ ಹೆಂಡತಿ ರಂಗೂಬಾಯಿಯ ಜೊತೆ ಇದ್ದರು. ನಿಪ್ಪಾಣಿಯವರಾದ್ದರಿಂದ ನಮ್ಮೊಂದಿಗೆ ಕನ್ನಡವನ್ನೇ ಆಡುತ್ತಿದ್ದರು. ಕಾಕಾ ರಜೆಯ ದಿನವೆಲ್ಲ ಅವರ ಮುಂದೆ ಕೂತು ಕಲಿತರು. ಮದುವೆಯ ಸೀಜನ್ನಿನಲ್ಲಿ ಒಂದು ಬ್ಯಾಂಡಿನ ಜೊತೆ ಊದಲು ಹೋಗುತ್ತಿದ್ದರು. ಆ ಬ್ಯಾಂಡಿನವರು ಎಲಾಸ್ಟಿಕ್ ಹಾಕಿದ ಮಿಂಚುವ ಸ್ಯಾಟಿನ್ ಲಂಗ ಕೊಟ್ಟು ಇದೇ ಕಿಲ್ಟ್ ಎನ್ನುತ್ತಿದ್ದರು. ಕಾಕಾ ಅದನ್ನು ಉಡುತ್ತಿರಲಿಲ್ಲ. ಪ್ಯಾಂಟಿನಲ್ಲೇ ಕೊನೆಯ ಸಾಲಿನಲ್ಲಿ ನಿಂತು ಊದುತ್ತಿದ್ದರು.

ನಿಜವಾದ ಕಿಲ್ಟ್ ಎಂದರೆ ಚೌಕಳಿಯ ದಪ್ಪ ಉಣ್ಣೆಬಟ್ಟೆ. ಸ್ಕಾಟ್ಲೆಂಡಿನ ಗಂಡಸರ ಉಡುಗೆ, ಪೈಪ್ ಊದುವವರೂ ಅದನ್ನೇ ಉಡುತ್ತಾರೆ. ಹೊಲಿದ ಚೀಲದ ಹಾಗೆ ಇರುವುದಿಲ್ಲ. ಸೊಂಟಕ್ಕೆ ಸುತ್ತಿ ಪಕ್ಕದಲ್ಲಿ ಪಟ್ಟಿ ಬಿಗಿಯುವುದು. ಮುಂದೆ ಸಪಾಟ, ಹಿಂದೆ ನಿರಿಗೆ. ಅಂಚು ಮೊಣಕಾಲಿನ ನಡುವಿಗೆ ಬರಬೇಕು. ಪಿನ್ನು ಮೇಲಿನ ಪದರಿಗೆ ಮಾತ್ರ ಚುಚ್ಚಬೇಕು. ಮಾಸ್ತರರು ಇದನ್ನೆಲ್ಲ ಬಾಯಿಪಾಠ ಮಾಡಿಸಿದ್ದರು, ಆದರೆ ಉಡಲು ಬಿಟ್ಟಿರಲಿಲ್ಲ. ಪಲ್ಟಣದಲ್ಲಿ ಜೊತೆಯವರು ತೀರಿಕೊಂಡಾಗ ಊದುವ ಒಂದು ನಿಧಾನದ ಧಾಟಿ ಇದೆ. ಅದು ಕೈಗೆ ಹತ್ತಿದ ಮೇಲೆ ಕಿಲ್ಟ್ ಎಂದಿದ್ದರು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆ ಧಾಟಿ ಕಾಕಾನ ಕೈಗೆ ಹತ್ತಿತು. ಅಷ್ಟರಲ್ಲಿ ಮಾಸ್ತರರ ಪುಪ್ಪುಸ ಕೆಟ್ಟಿತ್ತು. ಮೂಗಿಗೆ ನಳಿಗೆ, ಹಾಸಿಗೆಯ ಪಕ್ಕ ಆಕ್ಸಿಜನ್ನಿನ ಮಶೀನು. ಕಣ್ಣೂ ಮಬ್ಬಾಗಿತ್ತು. ಒಂದು ದಿನ ಕಾಕಾ ಧಾಟಿಯನ್ನು ಬಾಯಲ್ಲೇ ಮೆಲ್ಲಗೆ ಗುನುಗಿ ಒಪ್ಪಿಸಿದಾಗ ಮಾಸ್ತರರು ಅವರನ್ನು ಹತ್ತಿರ ಕರೆದರು.

"ಬಾಬು, ನಾ ಹೋದ ದಿನಾ ಇದನ್ನ ನೀನ ಊದಬೇಕು. ಕಿಲ್ಟ್ ಉಟ್ಟು ಊದು," ಎಂದರು. "ಆದ್ರ ಅದಕ್ಕಿಂತ ಮೊದಲ ಒಮ್ಮೆ ಉಟ್ಟು ನನಗ ತೋರಸು. ತಪ್ಪು ಉಟ್ಟಿದ್ರ ಆಮ್ಯಾಲೆ ತಿದ್ದಾವ್ರು ಯಾರೂ ಇರೂದಿಲ್ಲ."

ಅಂದಿನಿಂದ ಕಾಕಾ ಕಿಲ್ಟ್ ಹುಡುಕತೊಡಗಿದರು. ಹೊಸದರ ಬೆಲೆಯನ್ನು ನಾನು ಮೊಬೈಲಿನಲ್ಲಿ ನೋಡಿ ಹೇಳಿದೆ. ಅವರ ತಿಂಗಳ ಪಗಾರಕ್ಕಿಂತ ಹೆಚ್ಚಿತ್ತು. ಕ್ಯಾಂಪ್ ಭಾಗದ ನಾಟಕದ ಬಟ್ಟೆಯ ಅಂಗಡಿಗಳಲ್ಲಿ ಮತ್ತೆ ಅದೇ ಸ್ಯಾಟಿನ್. ಕೊನೆಗೆ ಒಂದು ಭಾನುವಾರ ನಾವಿಬ್ಬರೂ ಜುನಾ ಬಾಜಾರಕ್ಕೆ ಹೋದೆವು. ತುಕ್ಕು ಹಿಡಿದ ನಲ್ಲಿ, ಒಡೆದ ಗಡಿಯಾರಗಳ ನಡುವೆ ಹಳೆಯ ಬ್ಯಾಂಡಿನ ಬಟ್ಟೆ ಮಾರುವವನೊಬ್ಬ ಕೂತಿದ್ದ. ಅವನ ಗಂಟಿನಲ್ಲಿ ಎರಡು ಕಿಲ್ಟ್ ಇದ್ದವು.

ಒಂದು ಕಡುಹಸಿರು ಚೌಕಳಿಯದು, ಬಣ್ಣ ಮಾಸಿರಲಿಲ್ಲ, ಕಾಕಾನ ಅಳತೆಗೆ ಸರಿಯಾಗಿತ್ತು. ಅದನ್ನು ಕೈಗೆತ್ತಿಕೊಂಡು ಕಾಕಾ ತಕ್ಷಣ ಕೆಳಗಿಟ್ಟರು. ಅದು ಮಾಸ್ತರರ ಪಲ್ಟಣದ್ದೇ ಚೌಕಳಿ. ಆ ಪಲ್ಟಣದಲ್ಲಿ ಇದ್ದವರು ಮಾತ್ರ ಅದನ್ನು ಉಡಬೇಕು ಎಂದು ಮಾಸ್ತರರು ಹೇಳಿದ್ದರು. ಈ ಊರಲ್ಲಿ ಅದನ್ನು ಯಾರು ಗುರುತು ಹಿಡಿಯುತ್ತಾರೆ ಎಂದು ಮಾರುವವ ಮರಾಠಿಯಲ್ಲಿ ಕೇಳಿದ. ಒಬ್ಬರು ಹಿಡಿಯುತ್ತಾರೆ, ಅವರಿಗೆ ಕಣ್ಣು ಕಾಣುವುದಿಲ್ಲ ಎಂದು ಕಾಕಾ ಅವನಿಗೆ ಹೇಳಿದರು. ಅವನಿಗೆ ತಿಳಿಯಲಿಲ್ಲ. ಎರಡನೆಯದು ಬೂದು-ಕಂದು ಬಣ್ಣದ್ದು, ಮುಚ್ಚಿಹೋದ ಯಾವುದೋ ಶಾಲೆಯ ಬ್ಯಾಂಡಿನದು. ಹುಳ ಹೊಡೆದಿತ್ತು, ಒಂದು ಪಟ್ಟಿ ಹರಿದಿತ್ತು, ಸೊಂಟ ದೊಡ್ಡದಿತ್ತು. ಕಾಕಾ ಅದನ್ನು ಕೊಂಡರು.

ಮನೆಗೆ ತಂದು ಹಗ್ಗದ ಮೇಲೆ ಗಾಳಿಗೆ ಹಾಕಿದಾಗ ಪಕ್ಕದ ಮನೆಯ ಸಾವಂತ್ರವ್ವ ಹೊರಗೆ ಬಂದು ನೋಡಿದಳು.

"ಏನೋ ಬಾಬು, ಹೆಣ್ಣಹುಡಗೇರ ಸಾಲಿಗೆ ಹೆಸರ ಹಚ್ಚಿದೇನು?"

"ಹೌದ್ರಿ ಸಾವಂತ್ರವ್ವ. ಫೀ ನೀವ ಕಟ್ರಿ."

ಕಾಕಾ ನಕ್ಕದ್ದನ್ನು ಆಮೇಲೆ ನಾನು ಹೆಚ್ಚು ನೋಡಿಲ್ಲ.

ನಾನು ಹುಳ ಹೊಡೆದ ತೂತುಗಳನ್ನು ಒಳಗಿನ ಮಡಿಕೆಯ ದಾರದಿಂದಲೇ ರಫೂ ಮಾಡಿದೆ. ಸೊಂಟ ಬಿಚ್ಚಿ, ಚೌಕಳಿಯ ಗೆರೆ ಗೆರೆಗೆ ಕೂಡುವ ಹಾಗೆ ನಿರಿಗೆಗಳನ್ನು ಮತ್ತೆ ಹಿಡಿದೆ. ಒಂದು ನಿರಿಗೆ ಸರಿದರೆ ಎಲ್ಲವೂ ಸರಿಯುತ್ತವೆ, ಅದಕ್ಕೆ ಕಚ್ಚಾ ಹೊಲಿಗೆ ಹಾಕಿ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಮಾಡಿದೆ. ಅಂಗಡಿಯ ಕೆಲಸ ಮುಗಿಸಿ ಬಂದು ದಿನಾ ಸ್ವಲ್ಪ ಸ್ವಲ್ಪ. ಮುಗಿದ ಮುಂಜಾನೆಯೇ ರಂಗೂಬಾಯಿಯ ಫೋನು ಬಂತು. ಮಾಸ್ತರರು ಊಟ ಬಿಟ್ಟಿದ್ದಾರೆ, ಬಾಬು ಎಲ್ಲಿ ಎಂದು ಕೇಳುತ್ತಿದ್ದಾರೆ ಎಂದರು.

ಕಾಕಾ ಕಿಲ್ಟ್ ಉಟ್ಟು ನಿಂತರು. ಕಾಕು ನೋಡಿ ಬಾಗಿಲಿಗೆ ಅಡ್ಡ ನಿಂತಳು. ಕಾಕು ಜಗಳದವಳಲ್ಲ. ಅವಳಿಗೆ ಹೆದರಿಕೆಯಾಗಿತ್ತು. ಸೀರೆಯಾಗಲಿ ಧೋತರವಾಗಲಿ ನಿರಿಗೆ ಮುಂದೆ ಇರಬೇಕು. ನಮ್ಮಲ್ಲಿ ಸತ್ತವರ ಕಾರ್ಯದಲ್ಲಿ ಎಲ್ಲವನ್ನೂ ಉಲ್ಟಾ ಮಾಡುತ್ತಾರೆ. ನಿರಿಗೆ ಹಿಂದೆ ಹಾಕಿಕೊಂಡು ಜಡ್ಡಿನವರ ಮನೆಗೆ ಹೋಗುವುದೆಂದರೆ ಸಾವನ್ನು ಕರೆದುಕೊಂಡು ಹೋದಂತೆ ಎಂಬುದು ಅವಳ ಮಾತು.

"ಅವ್ರು ಇನ್ನೂ ಅದಾರ್ರಿ," ಎಂದಳು. "ಈಗ ಹಿಂಗ ಉಟ್ಟು ಹೋಗಬ್ಯಾಡ್ರಿ."

ಕಾಕಾ ವಾದ ಮಾಡಲಿಲ್ಲ. ಗೋಡೆಯ ಕಡೆ ತಿರುಗಿ ಪಟ್ಟಿ ಬಿಚ್ಚಿ, ನಿರಿಗೆಯನ್ನು ಮುಂದಕ್ಕೆ ತಂದು ಕಟ್ಟಿಕೊಂಡರು. ತಪ್ಪು ಎಂದು ಅವರಿಗೆ ಗೊತ್ತಿತ್ತು. ರಿಕ್ಷಾದಲ್ಲಿ ದಾರಿಯುದ್ದಕ್ಕೂ ಎರಡೂ ಕೈಗಳನ್ನು ಆ ನಿರಿಗೆಗಳ ಮೇಲೆ ಇಟ್ಟುಕೊಂಡಿದ್ದರು. ಪೈಪು ನನ್ನ ತೊಡೆಯ ಮೇಲಿತ್ತು.

ಮಾಸ್ತರರು ದಿಂಬಿಗೆ ಒರಗಿದ್ದರು. ಹತ್ತಿರ ಬಾ ಎಂದು ಕೈ ಚಾಚಿದರು. ಕಾಕಾ ಮಂಚದ ಪಕ್ಕ ನಿಂತರು. ಮಾಸ್ತರರ ಕೈ ಮೊದಲು ಮೊಣಕಾಲಿನ ಹತ್ತಿರದ ಅಂಚನ್ನು ಮುಟ್ಟಿತು, ಸರಿಯಾಗಿದೆ ಎಂಬಂತೆ ಅವರು ತಲೆ ಆಡಿಸಿದರು. ಆಮೇಲೆ ಕೈ ಮೇಲೆ ಹೋಯಿತು. ನಿರಿಗೆಗಳು ಸಿಕ್ಕವು. ಕೈ ಅಲ್ಲೇ ನಿಂತಿತು.

"ಇದು ಕಾಶವ್ವನ ಕೆಲಸ," ಎಂದರು ಮಾಸ್ತರ.

"ಹೌದ್ರಿ."

"ನಾ ಸಾಯಬಾರದಂತ ಹಿಂಗ ಉಟಗೊಂಡು ಬಂದಿ?"

ಕಾಕಾ ಹೌದೆಂದು ತಲೆ ಆಡಿಸಿದರು, ಅದು ಮಾಸ್ತರರಿಗೆ ಕಾಣುವಂತಿರಲಿಲ್ಲ.

"ಭಾಳ ಛಲೋ ಹೆಂಗಸು," ಎಂದರು ಮಾಸ್ತರ. ಉಸಿರು ಹಿಡಿದು ಮತ್ತೆ ಹೇಳಿದರು, "ಆದ್ರ ನಾ ಹೊಂಟೇನಿ, ಬಾಬು. ನಿರಿಗಿ ಹಿಂದ ಹಾಕು."

ಕಾಕಾ ಬಾಗಿಲ ಮರೆಗೆ ಹೋಗಿ ತಿರುಗಿಸಿ ಉಟ್ಟು ಬಂದರು. ಮಾಸ್ತರರು ಮುಂದಿನ ಸಪಾಟ ಪದರಿನ ಮೇಲೆ ಅಂಗೈ ಆಡಿಸಿದರು. ಪಿನ್ನನ್ನು ಎಳೆದು ನೋಡಿದರು. ಅದು ಕೆಳಗಿನ ಪದರಿಗೆ ಸಿಕ್ಕಿರಲಿಲ್ಲ. ಬರೋಬ್ಬರಿ ಎಂದರು. ಚೌಕಳಿ ಯಾವ ಬಣ್ಣದ್ದು ಎಂದು ಕೇಳಿದರು. ಬೂದು ಎಂದು ಕಾಕಾ ಹೇಳಿದರು. ಅದಕ್ಕೂ ಬರೋಬ್ಬರಿ ಎಂದರು. ಊದು ಎಂದು ಮಾತ್ರ ಹೇಳಲಿಲ್ಲ. ಅದಕ್ಕೆ ಬೇರೆ ದಿನ ಇತ್ತು.

ಆ ದಿನ ಅದೇ ವಾರ ಬಂತು. ಸುದ್ದಿ ತಿಳಿದಾಗ ಕಾಕು ಒಲೆ ಆರಿಸಿದಳು. ಕಾಕಾನಿಗೆ ಪಟ್ಟಿ ಬಿಗಿಯಲು ಆಗುತ್ತಿರಲಿಲ್ಲ. ಕಾಕು ತಾನೇ ಬಂದು ಕಿಲ್ಟ್ ಸುತ್ತಿದಳು. ನಿರಿಗೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಮಾಡಿದಳು.

ಚಾಳಿನ ಮುಂದೆ ಶವ ಒಯ್ಯುವ ಗಾಡಿ ನಿಂತಿತ್ತು. ಮಾಸ್ತರರ ಮಗ ರಾಜೀವ ನಾಶಿಕದಿಂದ ಬಂದಿದ್ದರು. ಮದುವೆಯ ವಾದ್ಯ ಇಲ್ಲೇಕೆ ಎಂದು ಯಾರೋ ಅವರ ಕಿವಿಯಲ್ಲಿ ಹೇಳಿದರು. ಅವರು ಕಾಕಾನ ಬರಿಗಾಲು, ಮೊಣಕಾಲು ನೋಡಿ ಮುಖ ತಿರುಗಿಸಿದರು. ರಂಗೂಬಾಯಿ ಹೊಸ್ತಿಲಲ್ಲಿ ಕೂತಿದ್ದವರು ತಲೆ ಎತ್ತಿ, "ಊದಪಾ ಬಾಬು," ಎಂದರು. ಆಮೇಲೆ ಯಾರೂ ಬೇಡ ಎನ್ನಲಿಲ್ಲ. ಕಾಕಾ ಧಾಟಿಯನ್ನು ಮೊದಲಿನಿಂದ ಕೊನೆಯವರೆಗೆ ಊದಿದರು. ಎಲ್ಲಿಯೂ ಉಸಿರು ಕಡಿಯಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಉಳಿದಿತ್ತು, ಅದನ್ನೂ ಮುಗಿಸಿದರು. ಪೈಪನ್ನು ನನ್ನ ಕೈಗೆ ಕೊಟ್ಟು ಸ್ಮಶಾನಕ್ಕೆ ಹೋದರು.

ಸಂಜೆಯ ಮುಂಚೆ ಮನೆಗೆ ಬಂದಾಗ ಕಾಕು ಹೊಸ್ತಿಲ ಹೊರಗೇ ಅವರನ್ನು ನಿಲ್ಲಿಸಿದಳು. ಸ್ಮಶಾನದಿಂದ ಬಂದವರು ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಹಾಕಿಸಿಕೊಂಡು ಒಳಗೆ ಬರಬೇಕು. ನಮ್ಮಲ್ಲಿ ಹಾಗೆ ಇದೆ. ಕಾಕು ಬಿಸಿನೀರಿನ ಬಕೆಟ್ ತಂದಿದ್ದಳು. ಅದು ಉಣ್ಣೆ, ಬಿಸಿನೀರಿಗೆ ಕುಗ್ಗುತ್ತದೆ ಎಂದು ಹೇಳಲು ನಾನು ಬಾಯಿ ತೆರೆದೆ. ಕಾಕಾ ನನ್ನನ್ನು ನೋಡಿ ಬೇಡ ಎಂದು ಕೈ ಸನ್ನೆ ಮಾಡಿದರು. ಕಾಕು ಅಳುತ್ತಾ ತಂಬಿಗೆ ತಂಬಿಗೆ ನೀರು ಸುರಿದಳು. ಕಿಲ್ಟ್ ನೀರು ಕುಡಿದು ಜೋತುಬಿತ್ತು, ನಿರಿಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಕಾಕಾ ಅದು ಮುಗಿಯುವವರೆಗೆ ನೆಟ್ಟಗೆ ನಿಂತಿದ್ದರು.

ಈಗ ಅದು ಒಣಗಿ ಗೋಣಿತಟ್ಟಿನ ಹಾಗೆ ಗಟ್ಟಿಯಾಗಿದೆ. ಅಂಚು ಮೊಣಕಾಲಿನ ಮೇಲೆ ಏರಿದೆ. ಬ್ಯಾಂಡಿನವರು ಬಂದು, ಇನ್ನು ಕಿಲ್ಟ್ ಇದೆಯಲ್ಲ, ಮದುವೆಗಳಿಗೆ ಮುಂದಿನ ಸಾಲಿಗೆ ಬಾ ಎಂದು ಕಾಕಾನನ್ನು ಕರೆದರು. ಕಾಕಾ ಹೋಗಲಿಲ್ಲ. ಕಿಲ್ಟ್ ಏನಾಯಿತೆಂದು ನನ್ನನ್ನೂ ಕೇಳಿಲ್ಲ. ಡ್ಯೂಟಿಗೆ ಹೋಗುತ್ತಾರೆ, ಬರುತ್ತಾರೆ, ಮಾತು ಕಡಿಮೆ. ಮಾಸ್ತರರ ಹದಿಮೂರನೆಯ ದಿನ ಮನೆಯಲ್ಲಿ ಮತ್ತೊಮ್ಮೆ ಊದಬೇಕು ಎಂದು ರಂಗೂಬಾಯಿ ಹೇಳಿ ಕಳಿಸಿದ್ದಾರೆ. ಕಿಲ್ಟಿನ ಅಂಚಿನ ಒಳಗೆ ಮಡಚಿದ ಬಟ್ಟೆ ಇನ್ನೂ ಸ್ವಲ್ಪ ಇದೆ.

ನಾಳೆ ನಾನು ಅಂಗಡಿಗೆ ಹೋಗುವುದಿಲ್ಲ. ಅಂಚು ಬಿಚ್ಚಿ ಉದ್ದ ಮಾಡುತ್ತೇನೆ, ನಿರಿಗೆಗಳನ್ನು ಮತ್ತೆ ಹಿಡಿಯುತ್ತೇನೆ.