ಕುಂದಲಹಳ್ಳಿಯ ಡಬ್ಬಿ ಅನುಸೂಯಮ್ಮ

ಹಾಲಿನವನು ಇನ್ನೂ ಬಂದಿಲ್ಲ. ಕುಂದಲಹಳ್ಳಿಯ ಹಳೇ ಬೀದಿಯಲ್ಲಿ ಅನುಸೂಯಮ್ಮ ಐಸ್ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಸರಸರನೆ ನಡೆಯುತ್ತಿದ್ದಾರೆ. ಒಂದು ಮನೆಯ ಜಗಲಿಯ ಮೇಲೆ ಪೇಪರ್ ಸುತ್ತಿದ ಪುಟ್ಟ ಡಬ್ಬಿ ಕಾಯುತ್ತಿದೆ. ಅದನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ. ಇಟ್ಟು ಒಳಗೆ ಹೋಗಿಬಿಡುತ್ತಾರೆ. ಇವರು ಎತ್ತಿಕೊಂಡ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ ಬಾಗಿಲಿಗೆ ಬಂದು, "ಕಾಫಿ ಕುಡ್ಕೊಂಡು ಹೋಗಕ್ಕಾ" ಎನ್ನುತ್ತಾರೆ.

ಡಬ್ಬಿಯಲ್ಲಿರುವುದು ಮಲ. ತಿಂಡಿ ತಿನ್ನುತ್ತಾ ಓದುತ್ತಿರುವವರು ತಟ್ಟೆಯನ್ನು ಸ್ವಲ್ಪ ಪಕ್ಕಕ್ಕಿಡಿ.

ವೈಟ್‌ಫೀಲ್ಡಿನ ಸಣ್ಣ ಪ್ರಯೋಗಾಲಯವೊಂದಕ್ಕೆ ಇದು ಬಂಗಾರ. ನಮ್ಮ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿವೆ. ತಮ್ಮ ಜಾಗಕ್ಕೆ ಬೇರೆಯವು ನುಗ್ಗದಿರಲೆಂದು ಅವುಗಳಲ್ಲಿ ಕೆಲವು ಪೆಪ್ಟೈಡ್ ಎಂಬ ಸಣ್ಣ ಪ್ರೋಟೀನ್ ತುಣುಕುಗಳನ್ನು ತಯಾರಿಸಿ ಎದುರಾಳಿಗಳನ್ನು ಕೊಲ್ಲುತ್ತವೆ. ಯಾವ ಆ್ಯಂಟಿಬಯಾಟಿಕ್‌ಗೂ ಜಗ್ಗದ ರೋಗಾಣುಗಳನ್ನು ಇವು ಕೊಲ್ಲಬಲ್ಲವೇ ಎಂಬುದೇ ಅಲ್ಲಿಯ ಹುಡುಕಾಟ. ಮಾತ್ರೆಗಳು ಹೊಟ್ಟೆಯ ಈ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ, ಅದಕ್ಕೆ ಮಾತ್ರೆ ನುಂಗಿ ಅಭ್ಯಾಸವಿಲ್ಲದ ಹಳೇ ಹೊಟ್ಟೆಗಳೇ ಬೇಕು. ಪ್ರಯೋಗಾಲಯದವರು ಬಂದು ಕೇಳಿದಾಗ ಊರಿನವರು ಬಾಗಿಲು ಹಾಕಿಕೊಂಡರು. ಊರಿನ ಸೊಸೆ ಅನುಸೂಯಮ್ಮ ಕೇಳಿದಾಗ ನಾಚಿಕೊಂಡು ನಕ್ಕರು, ಆಮೇಲೆ ಕೊಟ್ಟರು.

ಅನುಸೂಯಮ್ಮ ಈ ಕೆಲಸಕ್ಕೆ ಬಂದದ್ದು ಸುಮ್ಮನೆ ಅಲ್ಲ. ಅವರ ಗಂಡ ದಾಸಪ್ಪ ಬೊಮ್ಮನಹಳ್ಳಿಯ ಕಾರ್ಖಾನೆಯೊಂದರಲ್ಲಿದ್ದರು. ತಗಡು ತಗುಲಿ ಕಾಲಿಗಾದ ಗಾಯಕ್ಕೆ ರೋಗಾಣು ಹತ್ತಿ ಅದು ಮಾಯಲೇ ಇಲ್ಲ, ಅದರಲ್ಲೇ ತೀರಿಕೊಂಡರು. "ಡಾಕ್ಟ್ರು ಒಂದಾದ್ಮೇಲೆ ಒಂದು ಇಂಜೆಕ್ಷನ್ ಬದಲಾಯಿಸಿದ್ರು. ಆ ಹುಳ ಒಂದಕ್ಕೂ ಬಗ್ಗಲಿಲ್ಲ. 'ಏನೂ ಇಲ್ವೇನೇ ಇದಕ್ಕೆ?' ಅಂತ ಇವ್ರು ನನ್ನನ್ನ ಕೇಳೋರು. ನಾನೇನ್ ಹೇಳ್ಲಿ?" ಎನ್ನುತ್ತಾರೆ. "ಅದು ಸಾಯೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು. ಅಷ್ಟೇ ನನ್ ಆಸೆ."

ಕಳೆದ ಶ್ರಾವಣದಲ್ಲಿ ಆ ಆಸೆಗೇ ಕುತ್ತು ಬಂದಿತ್ತು. ಊರಿಗೆಲ್ಲ ಹಿರಿಯರಾದ ನಾಗಲಕ್ಷ್ಮಮ್ಮನವರದು ಮೆಣಸಿನ ಕಷಾಯ ಬಿಟ್ಟು ಬೇರೆ ಮದ್ದು ಕಾಣದ ಹೊಟ್ಟೆ. ಎಲ್ಲರ ಕಣ್ಣೂ ಅದರ ಮೇಲೆಯೇ ಇತ್ತು. ಆದರೆ ಅವರ ಡಬ್ಬಿಯಲ್ಲಿ ಎಷ್ಟು ಸಲ ನೋಡಿದರೂ ಒಂದು ಬ್ಯಾಕ್ಟೀರಿಯಾವೂ ಬದುಕಿರುತ್ತಿರಲಿಲ್ಲ. ಪ್ರಯೋಗಾಲಯದ ವಿಜ್ಞಾನಿ ರಕ್ಷಿತಾ ಬೇಸತ್ತು, ಆ ಮನೆಯನ್ನು ಕೈಬಿಡೋಣ ಎಂದರು. ಅನುಸೂಯಮ್ಮನಿಗೆ ಜೀವ ತಡೆಯಲಿಲ್ಲ. ನೆಟ್ಟಗೆ ಹೋಗಿ ಅಜ್ಜಿಯ ಎದುರು ಕೂತರು.

"ಅಜ್ಜಿ, ಡಬ್ಬಿಗೆ ಏನಾದ್ರೂ ಹಾಕ್ತೀಯಾ?"

"ಊಂ ಕಣವ್ವಾ, ಒಂದೀಟು ಫಿನಾಯಿಲು. ಪಾಪ, ನೀನು ಎಗಲ ಮ್ಯಾಲೆ ಒತ್ಕಂಡು ಬಸ್ಸಾಗೆ ಓಗೋಳು. ಜನ ನಿನ್ನ ನೋಡಿ ಮೂಗ್ ಮುಚ್ಕಂಡ್ರೆ ನಂಗೆ ಚೆಂದಾಗಿರ್ತದಾ?"

ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಅನುಸೂಯಮ್ಮ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟರು. ಈ ಕೆಲಸ ಹಿಡಿದ ಮೇಲೆ ಓರಗಿತ್ತಿ ಕಮಲಮ್ಮ ಇವರ ಮನೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟಿದ್ದಾರೆ. ಇವರ ಮರ್ಯಾದೆಯ ಬಗ್ಗೆ ಯೋಚಿಸಿದ ಒಂದೇ ಒಂದು ಜೀವ ಈ ಅಜ್ಜಿ. "ಅದರೊಳಗಿರೋವು ಬದುಕಿರ್ಬೇಕು ಅಜ್ಜಿ. ಜನ ಮೂಗು ಮುಚ್ಕೊಳ್ಳಿ ಬಿಡು" ಎಂದು ಸಮಾಧಾನ ಹೇಳಿ, ಕಣ್ಣೊರೆಸಿಕೊಂಡು, ಹೊರಡುವಾಗ ಫಿನಾಯಿಲ್ ಬಾಟಲಿಯನ್ನೂ ಎತ್ತಿಕೊಂಡು ಬಂದರಂತೆ.

ಮೊನ್ನೆ ರಕ್ಷಿತಾ ಇವರನ್ನು ಮೊದಲ ಬಾರಿಗೆ ಪ್ರಯೋಗಾಲಯದ ಒಳಕೋಣೆಗೆ ಕರೆದರು. ಕೈಗವಸು ತೊಡಿಸಿ ಒಂದು ಗಾಜಿನ ತಟ್ಟೆ ತೋರಿಸಿದರು. ದಾಸಪ್ಪನವರನ್ನು ಕೊಂಡೊಯ್ದ ಜಾತಿಯದೇ ರೋಗಾಣು ತಟ್ಟೆಯ ತುಂಬ ಮಸುಕಾಗಿ ಹಬ್ಬಿತ್ತು. ನಡುವೆ ಮಾತ್ರ ಕುಂಕುಮದ ಬೊಟ್ಟಿನಗಲ ಜಾಗ ತಿಳಿಯಾಗಿತ್ತು. ಅಜ್ಜಿಯ ಹೊಸ ಡಬ್ಬಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ತೆಗೆದ ಪೆಪ್ಟೈಡಿನ ಹನಿಯನ್ನು ಅಲ್ಲೇ ಹಾಕಿದ್ದರು.

"ಔಷಧಿ ಆಗೋಕೆ ತುಂಬಾ ವರ್ಷ ಬೇಕು ಅಕ್ಕ. ಆಗದೇನೂ ಇರಬಹುದು. ಆದ್ರೆ ಇಲ್ಲಿ ಸತ್ತಿದೆ" ಎಂದರು ರಕ್ಷಿತಾ.

ಅನುಸೂಯಮ್ಮ ಬಗ್ಗಿ ಆ ತಟ್ಟೆಯನ್ನೇ ನೋಡಿದರು. "ಇದನ್ನ ಮನೆಗೆ ತಗೊಂಡ್ ಹೋಗೋ ಹಾಗಿಲ್ಲ ಅಲ್ವಾ ಮೇಡಂ? ಅವರ ಫೋಟೋ ಮುಂದೆ ಒಂದ್ನಿಮಿಷ ಇಟ್ಟು ವಾಪಸ್ ತರ್ತಿದ್ದೆ."

ರಕ್ಷಿತಾ ಆಗುವುದಿಲ್ಲವೆಂದು ತಲೆಯಾಡಿಸಿದರು.

"ಇರ್ಲಿ ಬಿಡಿ," ಎಂದರು ಅನುಸೂಯಮ್ಮ. "ಹೋಗಿ ಬಾಯಲ್ಲೇ ಹೇಳ್ತೀನಿ."