ಮಾಬೂಬನ ಪದದ ಕಡೆಯ ನುಡಿ

ಆ ಪದಕ್ಕೆ ಕಡೆಯ ನುಡಿ ಇತ್ತೋ ಇಲ್ಲವೋ—ನನ್ನ ನೆನಪನ್ನು ಕೇಳಿದರೆ ಅದು ದಿನಕ್ಕೊಂದು ಉತ್ತರ ಕೊಡುತ್ತದೆ. ನಡೆದದ್ದು 2007ರಲ್ಲೋ ಮರುವರ್ಷವೋ, ಅದೂ ಖಚಿತವಿಲ್ಲ. ಖಚಿತವಾಗಿ ಗೊತ್ತಿರುವುದು ಇಷ್ಟು: ಮಾಬೂಬ ಎಂಬ ಸೆಂಟ್ರಿಂಗ್ ಕೆಲಸದವನು ಕಟ್ಟಿದ ಪದವನ್ನು, ಅದು ಅವನದಲ್ಲ ಎಂದು ನಾನು ಒಂದು ಸಭಾಂಗಣದ ತುಂಬ ಜನರೆದುರು ಹೇಳಿದೆ. ಸತ್ತ ತಮ್ಮನ ಹೆಸರು ಎಲ್ಲಾದರೂ ಒಂದು ಕಡೆ ಉಳಿಯಲಿ ಎಂದು ಅವನು ಅದನ್ನು ಕಟ್ಟಿದ್ದ.

ಓದುವವರು ದಯವಿಟ್ಟು ಕನಿಕರ ತೋರಿಸಬೇಡಿ. ಕನಿಕರ ಸಿಗಲಿ ಎಂದು ತಪ್ಪೊಪ್ಪಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

ಆಗ ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ, ಮಡಗಾಂವದ ಒಂದು ಬಾಡಿಗೆ ಕೋಣೆಯಲ್ಲಿ ಕೂತು, ಯಾರಿಗೂ ಗೊತ್ತಿಲ್ಲದ ಹಾಡುಗಾರ ತಂಡಗಳನ್ನು ಹುಡುಕಿ ಬ್ಲಾಗ್ ಬರೆಯುತ್ತಿದ್ದೆ. ಫೋಕ್ ಪಂಕ್ ನನ್ನ ಹುಚ್ಚು—ಜನಪದ ವಾದ್ಯಗಳನ್ನು ಹಿಡಿದು, ಪಂಕ್‌ನ ಸಿಟ್ಟಿನಲ್ಲಿ ಗಂಟಲು ಹರಿಯುವಂತೆ ಹಾಡುವುದು. ಯಾವುದೋ ದೇಶದಲ್ಲಿ ಮೂವರು ಗೆಳೆಯರು ಅಡುಗೆಮನೆಯಲ್ಲಿ ಧ್ವನಿಮುದ್ರಿಸಿ ಮರೆತುಬಿಟ್ಟ ಹಾಡು ಸಿಕ್ಕರೆ ನನಗೆ ಹಬ್ಬ. ಅದನ್ನೇ ಇನ್ನು ನಾಲ್ಕು ಜನ ಹೊಗಳಿದರೆ ಆ ತಂಡ ನನ್ನ ಪಾಲಿಗೆ ಹಳಸಿತು. ಅದನ್ನು ಸಂಗೀತಪ್ರೇಮ ಎಂದು ಕರೆದುಕೊಳ್ಳುತ್ತಿದ್ದೆ. ಅದು ಮೊದಲು ಕಂಡವನು ನಾನು ಎಂಬ ಸೊಕ್ಕು, ಬೇರೇನಲ್ಲ.

ನನ್ನ ಚಿಕ್ಕಪ್ಪ ಸಾಂಕೋಲೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅವನ ಮನೆಗೆ ಹೋದಾಗ ‘ತಗಡು’ ತಂಡ ಸಿಕ್ಕಿತು. ತಂಡ ಎಂದರೆ ಇಬ್ಬರೇ. ಆಗ್ನೆಲ್ ಎಂಬ ಗೋವೆಯ ವೆಲ್ಡರ್ ಗಿಟಾರ್ ಬಾರಿಸುತ್ತಿದ್ದ. ತಾಳಿಕೋಟೆ ಕಡೆಯ ಮಾಬೂಬ ಹಾಡುತ್ತಿದ್ದ. ಹಾಡುತ್ತ ಶೆಡ್ಡಿನ ತಗಡಿಗೆ ಕಬ್ಬಿಣದ ಸರಳಿನಿಂದ ಬಡಿಯುತ್ತಿದ್ದ. ಪಂಕ್ ಎಂಬ ಶಬ್ದವನ್ನು ಆಗ್ನೆಲ್ ಕೇಳಿದ್ದ, ಮಾಬೂಬ ಕೇಳಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಊರಲ್ಲಿ ಮೊಹರಮ್ಮಿಗೆ ಹಾಡುವ ರಿವಾಯತ್ ಪದ.

ಅದು ನನಗೂ ಗೊತ್ತಿತ್ತು, ಚೆನ್ನಾಗಿ. ನಮ್ಮಜ್ಜ ಲಿಂಗಾಯತನಾದರೂ ಮೊಹರಮ್ಮಿನ ಬೆಂಕಿಕುಣಿ ಅಲಾವಿಯ ಸುತ್ತ ಹೆಜ್ಜೆ ಹಾಕಿ ರಿವಾಯತ್ ಹಾಡಿದವನು. ಆ ಪದಗಳಲ್ಲಿ ಕಡೆಯ ನುಡಿಗೆ, ಅಂದರೆ ಕೊನೆಯ ಚರಣಕ್ಕೆ, ಒಂದು ಕಟ್ಟಳೆ ಇದೆ: ಕವಿ ಅಲ್ಲಿ ತನ್ನ ಊರು, ತನ್ನ ಹೆಸರು, ಗುರುವಿನ ಹೆಸರು ಹೇಳಬೇಕು. ಪದ ಯಾರದೆಂದು ತಿಳಿಯಬೇಕಾದರೆ ಕಡೆಯ ನುಡಿಯ ತನಕ ಕಾಯಬೇಕು. ಎದ್ದು ಹೋದವನಿಗೆ ಕವಿ ಸಿಗುವುದಿಲ್ಲ.

ಮಾಬೂಬನ ತಮ್ಮ ಅದೇ ಸಾಂಕೋಲೆಯಲ್ಲಿ, ಕಟ್ಟುತ್ತಿದ್ದ ಕಟ್ಟಡದ ಮೂರನೇ ಮಾಳಿಗೆಯಿಂದ ಬಿದ್ದು ಸತ್ತಿದ್ದ. ಅಂಥವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದಿದ್ದ, ಕೂಲಿಗಳ ಮೇಲ್ವಿಚಾರಕ ಮುಕಾದಮ. ಹಾಜರಿ ಪುಸ್ತಕ ತೆರೆದು ತೋರಿಸಿದನಂತೆ—ಹೆಸರಿಲ್ಲ. ಇದನ್ನು ಮಾಬೂಬ ಚಹಾ ಕುಡಿಯುತ್ತ, ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದ. ಕೊನೆಗೆ ಅಂದ, “ಪುಸ್ತಕದಾಗ ಇಲ್ಲಂದ್ರ ಪದದಾಗ ಹಾಕ್ತೀನ್ರಿ ಸರ. ಗುರುವಿನ ಜಾಗಾದಾಗ ಅವನ ಹೆಸರ.”

ಅದಾದ ಮುಂದಿನ ಭಾನುವಾರ ಇರಬೇಕು, ನಾನು ಟೇಪ್ ರೆಕಾರ್ಡರ್ ಒಯ್ದೆ. ಅರ್ಧಕ್ಕೆ ನಿಂತ ಕಟ್ಟಡವೊಂದರ ನೆರಳಲ್ಲಿ ಅವರು ಹಾಡಿದರು. ಮಾಬೂಬನ ದನಿ ಏರಿ ಏರಿ ಕೊನೆಗೆ ಒಂದು ಕೂಗಾಯಿತು. ಎದೆ ನಡುಗಿಸುವ ಕೂಗು. ಬ್ಲಾಗ್‌ಗೆ ಏರಿಸಿದ ಹಾಡು ಆ ಕೂಗಿನಲ್ಲೇ ಮುಗಿಯುತ್ತದೆ. ಕ್ಯಾಸೆಟ್ ಅಲ್ಲಿಗೆ ತೀರಿತ್ತು, ಕಡೆಯ ನುಡಿ ದಾಖಲಾಗಲಿಲ್ಲ ಎಂದು ನನ್ನ ನೆನಪು. ಅಥವಾ ಮಾಬೂಬ ಅದನ್ನು ಅಂದು ಹಾಡಲೇ ಇಲ್ಲ ಎಂದು. ಅಥವಾ... ಕೂಗಿನಲ್ಲೇ ನಿಂತರೆ ಹಾಡು ನನ್ನ ಮೆಚ್ಚಿನ ವಿದೇಶಿ ತಂಡಗಳ ಹಾಗೆ ಕೇಳಿಸುತ್ತದೆ ಎಂದು ಅನಿಸಿದ್ದಂತೂ ನೆನಪಿದೆ. ಅನಿಸಿದ್ದಷ್ಟೇ ನೆನಪಿದೆ. ಹಾಡು ಏರಿಸುವಾಗ ಕೈ ಏನು ಕತ್ತರಿಸಿತು ಎಂಬುದು ನೆನಪಿಲ್ಲ.

ಹಾಡಿನ ಕೆಳಗೆ ಬರೆದೆ: ‘ಬಹಳ ಹಳೆಯ ಮೊಹರಂ ಪದ. ಕವಿ ಯಾರೆಂದು ತಿಳಿದಿಲ್ಲ.’ ಸಿಮೆಂಟ್ ಅಂಟಿದ ಕೈಯವನು ಇಂಥದ್ದು ಕಟ್ಟಬಲ್ಲ ಎಂದು ನಾನು ನಂಬಲಿಲ್ಲ. ಎಲ್ಲೋ ಕೇಳಿದ್ದನ್ನು ತನ್ನದು ಎನ್ನುತ್ತಿದ್ದಾನೆ ಎಂದುಕೊಂಡೆ. ಸಂಶಯ ಪಡುವುದನ್ನು ವಿದ್ಯೆ ಎಂದು ಕಲಿತು ಬಂದವನು ನಾನು. ಆದರೆ ಸಂಶಯಕ್ಕೆ ಯಾವಾಗಲೂ ಬಡವನನ್ನೇ ಏಕೆ ಆರಿಸಿಕೊಂಡೆ—ಇದನ್ನು ಯಾವ ಪ್ರಾಧ್ಯಾಪಕನೂ ಕೇಳಲಿಲ್ಲ.

ಕೆಲವು ತಿಂಗಳ ನಂತರ ಪಣಜಿಯಲ್ಲಿ, ಇಂಥ ಸಣ್ಣ ತಂಡಗಳದ್ದೇ ಒಂದು ಮಧ್ಯಾಹ್ನದ ಕಾರ್ಯಕ್ರಮ ಆಯಿತು. ‘ತಗಡು’ ತಂಡವನ್ನು ನಾನೇ ಕರೆಸಿದ್ದೆ. ಅವರ ಸರದಿಗೆ ಮೊದಲು, ಕಡಲತೀರದಲ್ಲಿ ಹಾಡುವ ತಂಡವೊಂದು ವೇದಿಕೆ ಹತ್ತಿ ಅದೇ ಪದವನ್ನು ಹಾಡಿತು. ನನ್ನ ಬ್ಲಾಗ್‌ನಿಂದ ಕಲಿತದ್ದು. ಕನ್ನಡದ ಒಂದು ಶಬ್ದವೂ ಅವರ ಬಾಯಲ್ಲಿ ನೆಟ್ಟಗೆ ನಿಲ್ಲಲಿಲ್ಲ. ಕೂಗನ್ನು ಮಾತ್ರ ಚೆನ್ನಾಗಿ ಕೂಗಿದರು. ಕವಿ ಅಜ್ಞಾತ ಎಂದು ಸಾರಿದರು. ಚಪ್ಪಾಳೆ.

ಮಾಬೂಬ ಎದ್ದು ವೇದಿಕೆಯ ಹತ್ತಿರ ಹೋದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಪದ ನನ್ನದು, ಅದಕ್ಕೆ ಇನ್ನೊಂದು ನುಡಿ ಇದೆ, ಅದನ್ನು ಹಾಡಲು ಬಿಡಿ ಎಂದು ಹಿಂದಿಯಲ್ಲಿ ಕೇಳಿದ. ಸಂಘಟಕರು ನನ್ನ ಕಡೆ ತಿರುಗಿದರು. ನೀವು ಹುಡುಕಿದ್ದು, ನೀವೇ ಹೇಳಿ ಎಂದರು.

ಹೌದು ಎಂದರೆ ನನ್ನ ಬರಹ ಸುಳ್ಳಾಗುತ್ತಿತ್ತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವನ್ನು ವರ್ಷಗಟ್ಟಲೆ ಹುಡುಕಿದ್ದೇನೆ, ಇಲ್ಲ.

ಅಲ್ಲಿಯವರೆಗೆ ಅವನನ್ನು ‘ಬರ್ರಿ ಅಣ್ಣಾರ’ ಎಂದು ಮಾತಾಡಿಸುತ್ತಿದ್ದ ನಾನು, ಬಹುವಚನ ಬಿಟ್ಟೆ. “ನಿಂದು ಅನ್ನಾಕ ಸಾಕ್ಷಿ ಏನೈತಿ? ಕಡೀ ನುಡಿ ನೀ ಹಾಡೇ ಇಲ್ಲ.”

ಆಗ್ನೆಲ್‌ಗೆ ಕನ್ನಡ ಅಷ್ಟಕ್ಕಷ್ಟೆ, ಆದರೆ ಸಾಕ್ಷಿ ಎಂಬುದು ತಿಳಿಯಿತು. “ಕ್ಯಾಸೆಟ್ ಖಂಯ್ ಆಸಾ? ಹಾಡ್ ಮರೆ,” ಎಂದ ಕೊಂಕಣಿಯಲ್ಲಿ. ಕ್ಯಾಸೆಟ್ ಎಲ್ಲಿದೆ, ತಾ ಎಂದು. ಅದರ ಮೇಲೆ ಬೇರೆ ಹಾಡು ತುಂಬಿಸಿಬಿಟ್ಟೆ ಎಂದೆ. ಇದು ಸುಳ್ಳು. ಈ ಒಂದು ವಿಷಯದಲ್ಲಿ ನನ್ನ ನೆನಪಿಗೆ ಯಾವ ಸಂಶಯವೂ ಇಲ್ಲ.

ಮಾಬೂಬ ನನ್ನನ್ನು ಬಹಳ ಹೊತ್ತು ನೋಡಿದ. ಅಥವಾ ನೋಡಲೇ ಇಲ್ಲವೇನೋ. ಅವನ ಮಾತಿನಲ್ಲಿ ಬಹುವಚನ ಹಾಗೇ ಇತ್ತು.

“ಮುಕಾದಮನೂ ಸಾಕ್ಷಿನ ಕೇಳಿದ್ದನ್ರಿ ಸರ.”

ಅವರು ಹಾಡದೆ ಹೋದರು. ಆಮೇಲೆ ‘ತಗಡು’ ಎಲ್ಲಿಯೂ ಹಾಡಲಿಲ್ಲ. ಮಾಬೂಬ ಉಸಗಾಂವದ ಗಣಿ ಕಡೆ ಹೋದ ಎಂದು ಚಿಕ್ಕಪ್ಪ ಹೇಳಿದ. ನಾನು ಹುಡುಕಿಕೊಂಡು ಹೋಗಲಿಲ್ಲ. ಬದಲಿಗೆ ಒಳಗೊಳಗೇ ಅವನ ಮೇಲೆ ಕಿಡಿ ಕಾರಿದೆ: ನಾನಿಲ್ಲದಿದ್ದರೆ ಅವನ ತಗಡಿನ ಸದ್ದು ಆ ಶೆಡ್ಡಿನ ಸಾಲು ದಾಟುತ್ತಿತ್ತೇ? ತಪ್ಪು ಮಾಡಿದವನಿಗೆ ತಪ್ಪಿಗೀಡಾದವನ ಮೇಲೆ ಬರುವ ಸಿಟ್ಟು ಇದೆಯಲ್ಲ, ಅದಕ್ಕಿಂತ ಹೊಲಸಾದದ್ದನ್ನು ನಾನು ನನ್ನೊಳಗೆ ಕಂಡಿಲ್ಲ.

ಈ ವರ್ಷ, 2012ರಲ್ಲಿ, ಕೋಣೆ ಬದಲಿಸುವಾಗ ಆ ಕ್ಯಾಸೆಟ್ ಕೈಗೆ ಸಿಕ್ಕಿತು. ಸಾಂಕೋಲೆಗೆ ಹೋಗಿ ಆಗ್ನೆಲ್‌ನನ್ನು ಕಂಡು ಮಾಬೂಬನ ವಿಳಾಸ ಕೇಳಿದೆ. ಅವನು ವೆಲ್ಡಿಂಗ್ ಮುಖವಾಡ ಮೇಲೆತ್ತಿ, “ತುಕಾ ಕಿತ್ಯಾಕ್ ಜಾಯ್?”—ನಿನಗೇತಕ್ಕೆ ಬೇಕು—ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಖವಾಡ ಇಳಿಸಿಕೊಂಡ. ಅವನು ಮಾಡಿದ್ದು ಸರಿ.

ಚಿಕ್ಕಪ್ಪನ ಹಳೆಯ ಟೇಪ್ ರೆಕಾರ್ಡರ್ ತಂದು ಕ್ಯಾಸೆಟ್ ಹಾಕಿದೆ. ನಾನು ಪರೀಕ್ಷಿಸಿದ್ದು ಒಂದೇ ಸಂಗತಿ, ಮೂರು ಸಲ. ಕೂಗಿನಲ್ಲಿ ಕ್ಯಾಸೆಟ್ ತೀರುವುದಿಲ್ಲ. ಕೂಗಾದ ಮೇಲೆ ತಗಡಿನ ಬಡಿತ ನಿಲ್ಲುತ್ತದೆ, ಗಿಟಾರ್ ನಿಲ್ಲುತ್ತದೆ, ಮಾಬೂಬ ಒಬ್ಬನೇ ನಿಧಾನವಾಗಿ ಹಾಡುತ್ತಾನೆ:

ಸಾಂಕೋಲಿ ಗ್ವಾಡಿ ಕಟ್ಟಿದಾಂವ ಯಾರಂತ ಕೇಳ್ಯಾರ,
ಹಾಜರಿ ಬರಿಯಾಂವ ಹೆಸರ ಮರತಾನ;
ಅಣ್ಣ ಮಾಬೂಬ ಮರತಿಲ್ಲ, ತಮ್ಮ ರಸೂಲ ಅಂತಾನ.

ಆಮೇಲೆ ಯಾರೋ ಕೆಮ್ಮುತ್ತಾರೆ. ದೂರದಲ್ಲಿ ಒಂದು ಲಾರಿ. ಆಮೇಲೆ ನನ್ನ ದನಿ, ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿ:

“ತಮ್ಮನ ಹೆಸರು ಭಾಳ ಚಲೋ ಕುಂತೈತಿ ನೋಡ್ರಿ, ಅಣ್ಣಾರ.”