ಅರ್ಧವಷ್ಟೇ ಕೇಳಿಸಿದ ಮಾತು

ಬೀಚಿನಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುವ ದುರ್ಗಾಬಾಯಿ ಈ ಸಲದ ಮಳೆಗಾಲವನ್ನು ಗೋವಾದ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕಳೆದಳು. ಮಗಳು ಅಂಬಿಕಾ ಇನ್ನೂ ಮೊಲೆಹಾಲಿನ ಕೂಸು. ನೆಗಡಿ ಅಂತ ಶುರುವಾದದ್ದು ಎದೆಗಿಳಿದಿತ್ತು. ಉಸಿರೆಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ವೈರಸ್ಸಂತೆ, ಅದಕ್ಕೆ ಔಷಧಿ ಇಲ್ಲವಂತೆ, ಕೂಸು ಚೇತರಿಸುವತನಕ ಮೂಗಿಗೆ ಆಕ್ಸಿಜನ್ ನಳಿಕೆ ಇರಲೇಬೇಕಂತೆ. ಒಂದೊಂದು ಮಂಚಕ್ಕೆ ಎರಡೆರಡು ಕೂಸು. ಪ್ರತಿ ಮಳೆಗಾಲಕ್ಕೂ ಮಕ್ಕಳು ಹೀಗೇ ಬರುತ್ತಾರೆಂದು ಗೊತ್ತಿದ್ದೂ ನಳಿಕೆಗಳು ಹೆಚ್ಚಾಗಿರಲಿಲ್ಲ.

ರೌಂಡ್ಸಿಗೆ ಬಂದ ಸಿಸ್ಟರ್ ಹಿಂದಿಯಲ್ಲಿ ಕೇಳಿದಳು: "ಆರಾಮ?"

"ಆರಾಮ ಇಲ್ರಿ," ಅಂದಳು ದುರ್ಗಾಬಾಯಿ.

ಅವಳ ಊರಾದ ವಿಜಯಪುರದ ಕಡೆ ಹಾಗಂದರೆ ಹುಷಾರಿಲ್ಲ ಎಂದು. ಸಿಸ್ಟರಿಗೆ ಮುಟ್ಟಿದ್ದು ಮೊದಲರ್ಧ ಮಾತ್ರ. ಕನ್ನಡದ 'ಇಲ್ಲ' ಹಿಂದಿಯಲ್ಲೂ ಇಲ್ಲ, ಕೊಂಕಣಿಯಲ್ಲೂ ಇಲ್ಲ. ಆಕ್ಸಿಜನ್ ಅಳೆಯುವ ಬೆರಳಿನ ಮೆಷಿನ್ ಬೇರೆ ವಾರ್ಡಿಗೆ ಹೋಗಿತ್ತು. ಅದು ಬರಲೆಂದು ಕಾಯದೆ ಸಿಸ್ಟರ್ ಅಂಬಿಕಾಳ ನಳಿಕೆ ತೆಗೆದಳು. ಬಾಗಿಲಲ್ಲಿ ಇನ್ನೊಬ್ಬ ತಾಯಿ ಏದುಸಿರಿನ ಕೂಸನ್ನೆತ್ತಿಕೊಂಡು ನಿಂತಿದ್ದಳು.

"ಇಲ್ರೀ, ಇಲ್ಲ!" ಅಂದಳು ದುರ್ಗಾಬಾಯಿ.

"ಚುಪ್," ಅಂದಳು ಸಿಸ್ಟರ್.

"ಏ ದುರ್ಗವ್ವಾ, ಕೂಸಿನ ತುಟಿ ನೀಲಿ ಆಗಾಕತ್ತಾವಲ್ಲೇ!" ಪಕ್ಕದ ಮಂಚದಿಂದ ವಾಸ್ಕೋದ ಮಾಶಾಬಿ ಕೂಗಿದಳು. "ಗಿರಾಕಿ ಬೆನ್ನ ಹತ್ತಿ ಒದರಾಕ ಬರತೈತಿ, ಇಲ್ಲೇನ್ ಬಾಯಿ ಬಿದ್ದೈತೇನ?"

ಬೀಚಿನಲ್ಲಿ ದುರ್ಗಾಬಾಯಿಗೆ ಬೆಳಗಿನಿಂದ ಬೈಗಿನತನಕ ಸಿಗುವುದು ಒಂದೇ ಉತ್ತರ, ಹಿಂದಿಯಿಂದ ರಷ್ಯನ್ನಿನತನಕ ಲೋಕದ ಅಷ್ಟೂ ಭಾಷೆಗಳಲ್ಲಿ. ಅವನ್ನೆಲ್ಲ ಒಟ್ಟಿಗೆ ಸಿಸ್ಟರಿನ ಮೇಲೆ ಎಸೆದಳು: "ನಹೀ! ನಾ! ನಾಕಾ! ನೋ ಮೇಡಂ, ನೋ! ನ್ಯೆತ್!"

ಸಿಸ್ಟರ್ ತಿರುಗಿ ಕೂಸಿನ ಮುಖ ನೋಡಿದಳು. ನಳಿಕೆ ಮೂಗಿಗೆ ವಾಪಸು ಬಂತು. ಓಡಿಬಂದ ಡಾಕ್ಟರು ಬೈದದ್ದು ಯಾರನ್ನು? ದುರ್ಗಾಬಾಯಿಯನ್ನು. "ಇದೇನು ಬಜಾರಾ?" ಅಂತ ಹಿಂದಿಯಲ್ಲಿ.

ಗೋವಾದ ಗೋಡೆ ಕಟ್ಟಲು ಕನ್ನಡದವರು ಬೇಕು, ಬಂದರಿನಲ್ಲಿ ಹೊರಲು ಬೇಕು, ಕುಂಡಯಿ, ಮಡ್ಕಯಿಯ ಕಾರ್ಖಾನೆಗಳಿಗೆ ಬೇಕು. ಅವರ ಕೂಸು ಉಸಿರಿಗೆ ಒದ್ದಾಡುವಾಗ ಅವರ ಮಾತು ಬಲ್ಲ ಒಬ್ಬರನ್ನು ವಾರ್ಡಿನಲ್ಲಿ ಕೂರಿಸಲು ಮಾತ್ರ ಯಾವ ದೊಡ್ಡವರಿಗೂ ಹೊಳೆಯುವುದಿಲ್ಲ.

ಅಂಬಿಕಾಳ ತುಟಿಗೆ ಬಣ್ಣ ಮರಳಿದ ಮೇಲೂ ದುರ್ಗಾಬಾಯಿ ನಳಿಕೆಯ ಮೇಲಿನ ಕೈ ತೆಗೆಯಲಿಲ್ಲ. ಬಾಗಿಲಲ್ಲಿದ್ದ ಆ ತಾಯಿಯ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

"ಛೋಡೋ," ಅಂದರು ಡಾಕ್ಟರು.

"ಇಲ್ಲ."

ಅವರಿಗೂ ಅರ್ಥವಾಯಿತು. ಆಗ ಅವರು ಹೇಳಿಕಳಿಸಿದರು; ಕೆಳಗಿನ ಸ್ಟೋರಿನಿಂದ ಒಂದು ಆಕ್ಸಿಜನ್ ಸಿಲಿಂಡರ್ ಉರುಳಿಕೊಂಡು ಬಂತು, ಬಾಗಿಲಲ್ಲಿದ್ದ ಕೂಸಿಗೆ. ಬೆಳಗಿನಿಂದಲೂ ಅದು ಅಲ್ಲೇ ಇತ್ತಂತೆ.